ಅಕ್ಕಾರ ಪಾಲು

ಅಕ್ಕಾರು ಯಾರ ಮನೆಗೆ ಹೋದರೂ ಕುಳಿತು ನೀರು ಕುಡಿದಾದ ಮೇಲೆ ಸೀದಾ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತೆರೆದು ನೋಡುತ್ತಿದ್ದರು. ಮುಚ್ಚಳ ಸಡಿಲವಿದ್ದರೆ ಬಿಗಿ ಮಾಡುತ್ತಿದ್ದರು. ಡಬ್ಬಿ ಒಲೆಯ ಪಕ್ಕದಲ್ಲಿದ್ದರೆ ಎತ್ತಿ ದೂರ ಇಡುತ್ತಿದ್ದರು. ಕಲ್ಲುಪ್ಪು ಕಂಡರೆ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು. ಬನಹಟ್ಟಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ನಮ್ಮ ಅತ್ತೆ ಇದನ್ನು ಕಂಡು ಗಾಬರಿಯಾಗಿ ನನ್ನನ್ನು ಬದಿಗೆ ಕರೆದರು.

"ಏನ್ ಬೇ, ಆಕಿ ನಮ್ಮ ಅಡಗಿ ಮನ್ಯಾಗ ಏನ್ ಹುಡಕಾಕತ್ತಾಳ?"

"ಉಪ್ಪು ನೋಡಾಕತ್ತಾರ್ರಿ ಅತ್ತಿ."

"ಉಪ್ಪು ನೋಡಾಕ ಜಮಖಂಡಿಯಿಂದ ಬಂದಾಳೇನು?"

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾರು ಎನ್ನುತ್ತಾರೆ. ಜಮಖಂಡಿಯ ನಮ್ಮ ಹೈಸ್ಕೂಲಿನಲ್ಲಿ ಅಕ್ಕಾರುಗಳು ಹಲವರಿದ್ದೆವು. ನಾನು ಕನ್ನಡದ ಅಕ್ಕಾರು. ಆದರೆ ಬರೀ 'ಅಕ್ಕಾರು' ಎಂದರೆ ಹುಡುಗರಿಗೂ ನಮಗೂ ಒಬ್ಬರೇ: ವಿಜ್ಞಾನದ ಅಕ್ಕಾರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವುದರಲ್ಲಿ ಅವರ ಮನೆಯ ಮಾತೂ ಇದೆ, ಆ ಮನೆಯವರು ಇನ್ನೂ ಇದ್ದಾರೆ.

ಎತ್ತರದ ತೆಳ್ಳನೆಯ ಹೆಂಗಸು. ಮದುವೆ ಆಗಿರಲಿಲ್ಲ. ಚಪ್ಪಲಿ ಸಪ್ಪಳವಾಗದಂತೆ ನಡೆಯುತ್ತಿದ್ದರು, ಆದರೆ ಧ್ವನಿ ಮಾತ್ರ ಆಟದ ಬಯಲಿನ ಆ ತುದಿಗೆ ಕೇಳಿಸುವಂಥದ್ದು. ಎಂಥ ಬೇಸಿಗೆಯಲ್ಲೂ ಸೆರಗನ್ನು ಕೊರಳಿಗೆ ಒಂದು ಸುತ್ತು ಸುತ್ತಿಕೊಂಡಿರುತ್ತಿದ್ದರು. ನಾನು ನೇಕಾರರ ಮನೆಯವಳು, ಸೀರೆ ಉಟ್ಟವರನ್ನು ನೋಡಿದರೆ ನನ್ನ ಕಣ್ಣು ಮೊದಲು ಸೆರಗಿಗೆ ಹೋಗುತ್ತದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಇಷ್ಟ ಬಿಸಲಾಗ ಕೊಳ್ಳಿಗೆ ಯಾಕ ಸುತಗೋತೀರ್ರಿ ಅಕ್ಕಾರ? ಸೆರಗಿನ ಚಂದ ಕಾಣಸೂದ ಇಲ್ಲ."

ಅವರು ಆಗ ಪ್ರಯೋಗಶಾಲೆಯಲ್ಲಿ ಬಟಾಟೆ ಹೆಚ್ಚುತ್ತಿದ್ದರು. ಮುಂದಿನ ತಾಸಿಗೆ ಹುಡುಗರಿಗೆ ಆಯೋಡಿನ್ ಪರೀಕ್ಷೆ ತೋರಿಸಬೇಕಿತ್ತು. ಬಟಾಟೆಯ ಹೋಳಿನ ಮೇಲೆ ಆ ಕಂದು ದ್ರಾವಣದ ಒಂದು ಹನಿ ಬಿದ್ದರೆ ನೀಲಿಗಪ್ಪಾಗುತ್ತದೆ. ಎಷ್ಟೋ ವರ್ಷಗಳಿಂದ ಮಾಡುತ್ತ ಬಂದ ಆ ಪ್ರಯೋಗಕ್ಕೆ ಪ್ರತಿ ಸಲವೂ ಹುಡುಗರ ಜೊತೆ ಅವರೂ ಬಗ್ಗಿ ನೋಡುತ್ತಿದ್ದರು. ಚಾಕು ಕೆಳಗಿಟ್ಟು, ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿ, ಸೆರಗು ಬಿಚ್ಚಿದರು. ಕೊರಳಿನ ಮುಂದೆ, ನಡುಗಂಟಲಲ್ಲಿ, ಹಸಿ ಅಡಿಕೆಯಷ್ಟು ದೊಡ್ಡ ಗಂಟು ಇತ್ತು.

"ಗಳಗಂಡ ಅಂತಾರ ಇದಕ್ಕ. ನಾ ಹತ್ತನೇತ್ತೆ ಇದ್ದಾಗಿಂದ ಐತಿ," ಎಂದರು. "ನಮ್ಮವ್ವಗ ಇನ್ನೂ ದೊಡ್ಡದಿತ್ತು. ಕನ್ಯಾ ನೋಡಾಕ ಮುಧೋಳ ಕಡಿಯವ್ರು ಬಂದಿದ್ರು. ಹುಡುಗ ಛಲೋ ಇದ್ದ. ನನ್ನ ಕೂಡ ಓದಿನ ಸುದ್ದಿ ಮಾತಾಡಿದ. ಅವರವ್ವ ಮಾತ್ರ ನನ್ನ ಮಾರಿ ನೋಡ್ಲೇ ಇಲ್ಲ, ಕುತಿಗಿನ ನೋಡಿದ್ಲು. ಎದ್ದು ಹೋಗುವಾಗ ನಮ್ಮಪ್ಪಗ ಏನಂದ್ಲು ಗೊತ್ತೇನು? 'ಹುಡಿಗಿ ಛಲೋ ಅದಾಳ್ರಿ, ಆದ್ರ ಬಾಸಿಂಗ ಕಟ್ಟಿದ್ರೂ ಆ ಗಂಟ ಮುಚ್ಚೂದಿಲ್ಲ' ಅಂದ್ಲು."

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

"ಆಮ್ಯಾಲ ಕಾಲೇಜಿಗೆ ಹೋದ ಮ್ಯಾಲ ಓದಿದೆ, ಊಟದಾಗ ಆಯೋಡಿನ್ ಸಾಲದ ಹೋದ್ರ ಹಿಂಗ ಆಗ್ತೈತಿ ಅಂತ. ಎಷ್ಟ ಬೇಕಾಗ್ತೈತಿ ತಂಗಿ ಅದು? ಸೂಜಿ ಮೊನಿ ಮ್ಯಾಲ ಕುಂದ್ರೂವಷ್ಟು. ಅಷ್ಟ ಸಿಗದ್ದಕ್ಕ ನನ್ನ ಬಾಳೇನ ಬ್ಯಾರೆ ಆತು ನೋಡು."

ಮತ್ತೆ ಸೆರಗು ಸುತ್ತಿಕೊಂಡರು. ಗಂಟೆ ಬಾರಿಸಿತು. ಹುಡುಗರು ಮನೆಯಿಂದ ಕಾಗದದ ಚೂರಿನಲ್ಲಿ ಕಟ್ಟಿ ತಂದ ಉಪ್ಪಿನ ಪೊಟ್ಟಣ ಹಿಡಿದು ಒಳಗೆ ನುಗ್ಗಿದರು. ಯಾರ ಮನೆಯ ಉಪ್ಪಿನಲ್ಲಿ ಆಯೋಡಿನ್ ಇದೆ, ಯಾರ ಮನೆಯದರಲ್ಲಿ ಇಲ್ಲ ಎಂಬುದನ್ನು ಹುಳಿ ಬೆರೆಸಿದ ಗಂಜಿನೀರಿನ ಹನಿ ಹಾಕಿ, ನೀಲಿ ಬರುತ್ತದೋ ಎಂದು ತೋರಿಸುವುದು ಅವರ ವರ್ಷದ ವಾಡಿಕೆ. ಬಣ್ಣ ಬರದ ಹುಡುಗರು ಅಳುಮೋರೆ ಮಾಡಿದರೆ, "ಇದು ನಿನ್ನ ತಪ್ಪಲ್ಲಲೇ, ನಿಮ್ಮವ್ವಗ ಹೇಳು, ನಾನ ಬಂದು ಮಾತಾಡ್ತೇನಿ," ಎನ್ನುತ್ತಿದ್ದರು. ಹೋಗಿ ಮಾತಾಡುತ್ತಲೂ ಇದ್ದರು.

ಅವರ ಊರು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆ, ಕೃಷ್ಣಾ ನದಿಯ ದಂಡೆಗೆ. ಆ ಊರು ಈಗಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಊರು, ಹೊಲ ಎಲ್ಲ ಮುಳುಗಿ, ಮಂದಿಯನ್ನು ಎತ್ತರದ ಬಯಲಿಗೆ ಎಬ್ಬಿಸಿ ಕಳಿಸಿದರು. ಆಗ ಕೊಟ್ಟ ಪರಿಹಾರದಲ್ಲಿ ಅವರ ಅಪ್ಪ ಹೊಸ ಊರಿನಲ್ಲಿ ಮನೆ ಕಟ್ಟಿಸಿದರು. ಮನೆ ಪೂರ್ತಿ ಮುಗಿಯುವ ಮೊದಲೇ ತೀರಿಕೊಂಡರು. ತಮ್ಮನನ್ನು ಓದಿಸಿದ್ದು, ಅವನಿಗೊಂದು ಗೊಬ್ಬರದ ಅಂಗಡಿ ಹಾಕಿಸಿಕೊಟ್ಟದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕಾರ ಪಗಾರದಲ್ಲಿ. ಇದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ತಮ್ಮನೇ ಮುಂದೆ ನನಗೆ ಹೇಳಿದ್ದು.

ಆ ತಮ್ಮನನ್ನು ನಾನು ಮೊದಲು ನೋಡಿದ್ದು ನಮ್ಮ ಸಾಲಿಯ ಸ್ಟಾಫ್‌ರೂಮಿನಲ್ಲಿ. ಮುಳುಗಡೆಯ ಹೊಲಕ್ಕೆ ಕೊಟ್ಟದ್ದು ಕಡಿಮೆಯಾಯಿತೆಂದು ಊರವರು ಹೂಡಿದ ದಾವೆ ಎಷ್ಟೋ ವರ್ಷ ನಡೆದು ಕಡೆಗೆ ಅವರ ಕಡೆ ಆಗಿತ್ತು. ಹೆಚ್ಚಿನ ಪರಿಹಾರ ಬರುವುದಿತ್ತು. ಬಿಸಿಲಲ್ಲಿ ಬೈಕಿನ ಮೇಲೆ ಬಂದಿದ್ದ ಆತ ಬೆವರು ಒರೆಸಿಕೊಳ್ಳುತ್ತ ಒಂದು ಕಾಗದ ಮುಂದಿಟ್ಟ.

"ಯಕ್ಕಾ, ಇಲ್ಲೊಂದ ಸಹಿ ಹಾಕು. ವಕೀಲ್ರು ಕಾಯಾಕತ್ತಾರ."

"ಏನದು?"

"ಏನಿಲ್ಲ, ಹೊಲದ್ದು. ಹೆಣಮಕ್ಕಳು ಸಹಿ ಮಾಡಿಕೊಡಬೇಕಾಗ್ತೈತಿ."

ಅಕ್ಕಾರು ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಮಡಚಿ ಅವನ ಕೈಗೆ ಕೊಟ್ಟರು.

"ನನಗ ಪಾಲು ಬ್ಯಾಡ ಅಂತ ಬರದೈತಿ ಇದರಾಗ. ನನಗ ಬೇಕು."

ಸ್ಟಾಫ್‌ರೂಮಿನಲ್ಲಿದ್ದ ನಾವೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದೆವು. ತಮ್ಮನ ಕಿವಿ ಕೆಂಪಾಯಿತು.

"ನಿನಗ್ಯಾಕ ಬೇಕು? ಗಂಡ ಇಲ್ಲ, ಮಕ್ಕಳಿಲ್ಲ. ಪಗಾರ ಬರ್ತೈತಿ."

"ಆ ಹೊಲದಾಗ ನಾನೂ ಕಳೆ ತಗದೇನಿ ತಮ್ಮಾ. ಅಪ್ಪ ನನಗ ಒಂದ ಸಾಲು, ನಿನಗ ಒಂದ ಸಾಲು ಹಚ್ಚಿಕೊಡ್ತಿದ್ದ. ನೆನಪೈತೇನು?"

ಆತ ಕಾಗದವನ್ನು ಜೇಬಿಗೆ ತುರುಕಿಕೊಂಡ. ಜವಾನ ತಂದಿಟ್ಟ ಚಹಾ ಹಾಗೇ ಬಿಟ್ಟು ಎದ್ದು ಹೋದ. ಅಕ್ಕಾರು ಬಾಗಿಲವರೆಗೆ ಹೋಗಿ, "ಚಾ ಕುಡದ ಹೋಗೋ," ಎಂದು ಕೂಗಿದರು. ಬೈಕಿನ ಸಪ್ಪಳ ಆಗಲೇ ಗೇಟು ದಾಟಿತ್ತು. ಪಾಲು ಬಂತು. ಆ ದಿನದಿಂದ ಅಕ್ಕ ತಮ್ಮನ ನಡುವೆ ಮಾತು ನಿಂತಿತು.

ಆ ಹಣವನ್ನು ಅಕ್ಕಾರು ಏನು ಮಾಡುತ್ತಾರೆಂದು ನಮಗೆಲ್ಲ ಕುತೂಹಲವಿತ್ತು. ಬಂಗಾರ ತೆಗೆದುಕೊಳ್ಳುತ್ತಾರೆ ಎಂದರು ಕೆಲವರು. ಜಮಖಂಡಿಯಲ್ಲಿ ಪ್ಲಾಟು ಹಿಡಿಯುತ್ತಾರೆ ಎಂದರು ಕೆಲವರು. ಅಕ್ಕಾರು ಒಂದು ದಿನ ಚಹಾ ಹೊತ್ತಿನಲ್ಲಿ, ಏನೂ ದೊಡ್ಡ ಮಾತಲ್ಲ ಎಂಬಂತೆ, "ಜಪಾನಿನ್ಯಾಗ ಒಂದ ಸಣ್ಣ ಕಂಪನಿ ಐತಿ. ಅದರ ಶೇರು ತೊಗೊಂಡೆ," ಎಂದರು.

ನಮ್ಮ ಆಟದ ಸರ್ ಬಾಯಲ್ಲಿದ್ದ ಚಹಾ ನುಂಗುವುದನ್ನು ಮರೆತರು. ರನ್ನ ಬೆಳಗಲಿಯ ಕಬ್ಬಿನ ಮನೆತನದವರು ಅವರು. ಮಾತು ಜೋರು, ಮನಸ್ಸು ಮೆತ್ತಗೆ. "ಎಲ್ಲಿ ಜಪಾನ್ರಿ, ಎಲ್ಲಿ ಜಮಖಂಡಿ! ಏನ್ ಮಾಡ್ತೈತ್ರಿ ಆ ಕಂಪನಿ?"

"ಆಯೋಡಿನ್ ತಗೀತೈತಿ. ಅಡಗಿ ಗ್ಯಾಸೂ ತಗೀತೈತಿ. ಎರಡೂ ಒಂದ ಬಾವ್ಯಾಗ."

ಆಮೇಲೆ ಜವಾನನನ್ನು ಕಳಿಸಿ ಗೋಲಿ ಸೋಡಾ ತರಿಸಿದರು. ಮೇಜಿನ ಮೇಲಿಟ್ಟು ಗೋಲಿ ಒತ್ತಿದರು. ಬುಸ್ ಎಂದಿತು. "ಹಿಂಗ ನೋಡ್ರಿ. ಅಲ್ಲಿ ನೆಲದಾಗ ಬಾಳ ಆಳಕ್ಕ ಹಳೇ ಸಮುದ್ರದ ನೀರು ಸಿಕ್ಕೊಂಡೈತಿ. ಉಪ್ಪುನೀರು. ಅದರಾಗ ಸೋಡಾದಾಗ ಇದ್ದಂಗ ಗ್ಯಾಸ್ ಕರಗಿಕೊಂಡೈತಿ. ನೀರು ಮ್ಯಾಲ ತಂದ್ರ ಗ್ಯಾಸ್ ತಾನ ಬಿಡಿಸಿಕೋತೈತಿ. ಅದನ್ನ ಪೈಪಿನ್ಯಾಗ ಹಾಕಿ ಊರ ಮನಿಗಳಿಗೆ ಕೊಡ್ತಾರ. ಉಳಿದ ನೀರಾಗ ಆಯೋಡಿನ್ ಇರ್ತೈತಿ. ಅದನ್ನ ಬ್ಯಾರೆ ತಗದು ಔಷಧಕ್ಕ, ಸ್ಕ್ಯಾನ್ ಮಾಡುವಾಗ ನರಕ್ಕ ಕೊಡೂ ದ್ರಾವಣಕ್ಕ ಕಳಸ್ತಾರ."

"ಅಲ್ರಿ ಅಕ್ಕಾರ, ನಿಮಗ ಇದರ ಸುದ್ದಿ ಹೆಂಗ ಗೊತ್ತಾತು?"

"ಪ್ರಯೋಗಶಾಲಿಗೆ ತರಸಿದ ಆಯೋಡಿನ್ ಬಾಟ್ಲಿ ಈ ಸಲ ತುಟ್ಟಿ ಬಂತು. ಯಾಕ ತುಟ್ಟಿ ಆತು ಅಂತ ಹುಡಕಾಕ ಹತ್ತಿದೆ. ಹುಡುಕ್ತ ಹುಡುಕ್ತ ಜಪಾನಿಗೆ ಹೋದೆ," ಎಂದು ನಕ್ಕರು. ಜಗತ್ತಿನಲ್ಲಿ ಆಯೋಡಿನ್ ಸಿಗುವುದು ಕೆಲವೇ ಕಡೆ, ಬೇಡುವವರು ಮಾತ್ರ ಎಲ್ಲ ಕಡೆ, ಕಂಪನಿ ಸಣ್ಣದಾದರೂ ಸಾಲವಿಲ್ಲದ್ದು, ಬಾವಿಗಳು ಇನ್ನೂ ಎಷ್ಟೋ ತಲೆಮಾರು ಬರುವಂಥವು ಎಂದು ಪಾಠ ಮಾಡುವ ಹಾಗೆ ಹೇಳಿದರು. ಹೊರದೇಶದ ಶೇರಿಗೆ ಹಣ ಕಳಿಸಬೇಕೆಂದು ಅವರು ಕೇಳಿದಾಗ ನಮ್ಮ ಬ್ಯಾಂಕಿನ ಮ್ಯಾನೇಜರ್ ಅವರನ್ನು ಕೂರಿಸಿ, ಯಾರಾದರೂ ಫೋನಿನಲ್ಲಿ ಮೋಸ ಮಾಡುತ್ತಿದ್ದಾರೇನು ಎಂದು ಮೆಲ್ಲಗೆ ವಿಚಾರಿಸಿದ್ದರಂತೆ.

ಆ ಸಂಜೆ ಬಸ್‌ಸ್ಟ್ಯಾಂಡಿಗೆ ನಡೆಯುತ್ತ ನಾನು ಕೇಳಿದೆ. "ಖರೇನ ಹೇಳ್ರಿ ಅಕ್ಕಾರ, ಲಾಭಕ್ಕ ತೊಗೊಂಡ್ರೇನು?"

"ಲಾಭ ಯಾರಿಗೆ ಬ್ಯಾಡ? ಆದ್ರ ಇದು ಅಪ್ಪನ ಹೊಲದ ರೊಕ್ಕ. ಬಂಗಾರ ಮಾಡಿಸಿದ್ರ ಕಪಾಟಿನ್ಯಾಗ ಕುಂದ್ರತೈತಿ. ಹೊಲ ಹೋದ ಮ್ಯಾಲ ಅಪ್ಪ ಹೊಸ ಮನಿ ಕಟ್ಟಿಮ್ಯಾಲ ಕುಂತು ಅಂಗೈ ನೋಡಕೋತಿದ್ದ. ಮಾಡಾಕ ಏನೂ ಇರಲಿಲ್ಲ ಅವಗ. ಈ ರೊಕ್ಕ ಹಂಗ ಸುಮ್ಮ ಕುಂದ್ರಬಾರದು ಅನಸ್ತು. ನೆಲದಾಗಿಂದ ಏನರ ಮ್ಯಾಲ ಬರೂ ಜಾಗಾದಾಗ ಇರಬೇಕು ಅನಸ್ತು. ಅದೂ ಆಯೋಡಿನ್. ನಮ್ಮವ್ವಗ ಸಿಗಲಾರದ್ದು."

ಶೇರು ಎಂದರೆ ನಮ್ಮ ಮನೆಯಲ್ಲಿ ಮಟ್ಕಾದ ಅಣ್ಣತಮ್ಮ. ನೂಲಿನ ದರ ಏರಿಳಿದು ಮಗ್ಗ ಮಾರಿಕೊಂಡವರನ್ನು ಕಂಡ ಓಣಿ ನಮ್ಮದು. ಆದರೆ ಅಕ್ಕಾರು ಆ ಕಂಪನಿಯನ್ನು ನೋಡಿಕೊಂಡ ರೀತಿಯೇ ಬೇರೆ. ದರ ನೋಡುತ್ತಿದ್ದದ್ದು ಕಡಿಮೆ. ಅದರ ವರದಿಗಳನ್ನು ಮೊಬೈಲಿನಲ್ಲಿ ಇಂಗ್ಲಿಷಿಗೆ ಮಾಡಿಕೊಂಡು ಓದುತ್ತಿದ್ದರು. "ನಮ್ಮವ್ರು ಈ ಸಲ ಹೊಸಾ ಬಾವಿ ತೋಡ್ಯಾರ." "ನಮ್ಮವ್ರ ಕಡೆ ಬಿರುಗಾಳಿ ಬಂದಿತ್ತಂತ, ಪೈಪ್ ಎಲ್ಲ ಸುರಕ್ಷಿತ ಅದಾವ." ಸ್ಟಾಫ್‌ರೂಮಿನಲ್ಲಿ ಆ ಕಂಪನಿಗೆ 'ಅಕ್ಕಾರ ಬೀಗರು' ಎಂದೇ ಹೆಸರಾಯಿತು. ಜಪಾನಿನಲ್ಲಿ ಭೂಕಂಪವಾದ ಸುದ್ದಿ ಬಂದರೆ ಹುಡುಗರು ಸಹ ಬಂದು, "ಅಕ್ಕಾರ, ನಿಮ್ಮ ಬೀಗರು ಆರಾಮ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಯಾರಿಗೂ ತೆಗೆದುಕೊಳ್ಳಿ ಎಂದು ಅಕ್ಕಾರು ಹೇಳಿದವರಲ್ಲ. ಆಟದ ಸರ್ ತಾವಾಗಿಯೇ ಹೋಗಿ, ಅಕ್ಕಾರು ಖಾತೆ ತೆರೆದ ಕಡೆಯೇ ತೆರೆದು, ಕಬ್ಬಿನ ಬಿಲ್ಲಿನಲ್ಲಿ ಒಂದಿಷ್ಟು ಅದೇ ಕಂಪನಿಗೆ ಹಾಕಿದರು. ಮೊದಲು ಏರಿತು. ಪೇಢೆ ಹಂಚಿದರು. ಆಮೇಲೆ ಜಗತ್ತಿನಲ್ಲೆಲ್ಲ ಗ್ಯಾಸಿನ ಬೆಲೆ ಇಳಿಯಿತು. ಅದರ ಜೊತೆ ಶೇರೂ ಇಳಿಯಿತು, ಇಳಿಯುತ್ತಲೇ ಹೋಯಿತು. ಒಂದು ಮಧ್ಯಾಹ್ನ ಆಟದ ಸರ್ ಸ್ಟಾಫ್‌ರೂಮಿಗೆ ಬಂದು ಸೀಟಿಯನ್ನು ಮೇಜಿನ ಮೇಲೆ ಒಗೆದರು.

"ನಿಮ್ಮ ಬೀಗರು ನನ್ನ ಮನಿ ಹಾಳ ಮಾಡಿದ್ರಲ್ರಿ ಅಕ್ಕಾರ! ನಮ್ಮ ಅಣ್ಣನ ಮುಂದ ಏನ್ ಹೇಳ್ಲಿ ನಾ?"

ಅಕ್ಕಾರು ತಿದ್ದುತ್ತಿದ್ದ ಪೇಪರು ಬದಿಗಿಟ್ಟರು. "ತಡೀರಿ ಸರ್. ಆಯೋಡಿನ್‌ದ ದರ ಬಿದ್ದಿಲ್ಲ. ಬಾವಿ ಬತ್ತಿಲ್ಲ. ಮಂದಿ ಅಂಜಿ ಮಾರಾಕತ್ತಾರ, ಅಷ್ಟ."

"ನಾನೂ ಅಂಜೇನ್ರಿ. ಮಾರೂವ್ನ."

ಮಾರಿಯೇಬಿಟ್ಟರು. ಕಳೆದುಕೊಂಡರು. ಅದಾದ ಮೇಲೆ ಬಹಳ ದಿನ ಅಕ್ಕಾರ ಪಕ್ಕದ ಕುರ್ಚಿಯಲ್ಲಿ ಅವರು ಕೂರಲಿಲ್ಲ. ಈ ಸುದ್ದಿ ಹೇಗೋ ಬೀಳಗಿಗೂ ಮುಟ್ಟಿತು. ತಮ್ಮ ತನ್ನ ಅಂಗಡಿಯಲ್ಲಿ ಹತ್ತು ಮಂದಿಯೆದುರು, "ಹೊಲ ಕೃಷ್ಣಾದಾಗ ಮುಳುಗಿತು, ಅದರ ರೊಕ್ಕ ನಮ್ಮಕ್ಕ ಜಪಾನಿನ್ಯಾಗ ಮುಳುಗಿಸಿದ್ಲು," ಎಂದು ನಕ್ಕನಂತೆ. ಇದನ್ನು ಅಕ್ಕಾರಿಗೆ ಯಾರೋ ತಂದು ಮುಟ್ಟಿಸಿದರು. ಅವರು ಅಂದು ತಾಸು ತೆಗೆದುಕೊಳ್ಳುವಾಗ ಬೋರ್ಡಿನ ಕಡೆ ಮುಖ ಮಾಡಿ ಬಹಳ ಹೊತ್ತು ಏನೂ ಬರೆಯದೆ ನಿಂತಿದ್ದರೆಂದು ಹುಡುಗಿಯರು ಬಂದು ನನಗೆ ಹೇಳಿದರು. ಅವರು ಮಾತ್ರ ಒಂದು ಶೇರೂ ಮಾರಲಿಲ್ಲ.

ಅವರ ಧ್ವನಿ ಒಡೆಯುತ್ತಿದೆ ಎಂದು ನನಗೆ ಅನಿಸಿದ್ದು ಆ ವರ್ಷದ ಚಳಿಗಾಲದಲ್ಲಿ. ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಮೇಲೆ ಕೇಳುತ್ತಿದ್ದ ಧ್ವನಿ ಒಂದು ದಿನ ಕೇಳಿಸಲೇ ಇಲ್ಲ. ನೆಗಡಿ ಎಂದರು. ತಿಂಗಳು ಕಳೆದರೂ ನೆಗಡಿ ಹೋಗಲಿಲ್ಲ. ಅನ್ನ ನುಂಗುವಾಗ ಕಣ್ಣು ಮುಚ್ಚುತ್ತಿದ್ದರು.

"ಡಾಕ್ಟರಿಗೆ ತೋರಸ್ರಿ."

"ಇದು ಹಳೇ ಗಂಟು ತಂಗಿ. ನನ್ನ ಕೂಡ ಬೆಳದದ್ದು. ಏನ್ ಮಾಡ್ತೈತಿ?"

ಊರ ಮಂದಿಯ ಕೊರಳನ್ನೆಲ್ಲ ಕಾದವರು ತಮ್ಮ ಕೊರಳಿಗೆ ಅಷ್ಟು ಸಲಿಗೆ ಕೊಟ್ಟುಬಿಟ್ಟಿದ್ದರು. ಹಳೆಯ ಗಂಟಿನ ಹಿಂದೆ ಹೊಸದೊಂದು ಬೆಳೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ಥೈರಾಯಿಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಇಳಿದಿತ್ತು.

ಶಸ್ತ್ರಕ್ರಿಯೆಗೆ ಬೆಳಗಾವಿಗೆ ಹೊರಟ ಬೆಳಿಗ್ಗೆ ಅಕ್ಕಾರ ಮನೆಯ ಮುಂದೆ ಬಂದು ನಿಂತ ಕಾರು ಆಟದ ಸರ್ ಅವರದು. ನಾನು ಹೇಳಿರಲಿಲ್ಲ, ಅಕ್ಕಾರೂ ಕರೆದಿರಲಿಲ್ಲ. ಬಾಗಿಲು ತೆರೆದು ಹಿಡಿದು, ಮುಖ ಆಚೆ ಮಾಡಿ, "ಶೇರು ಬ್ಯಾರೆ, ಗಂಟಲ ಬ್ಯಾರೆ. ಕುಂದ್ರ್ರಿ," ಎಂದರು. ಶಸ್ತ್ರಕ್ರಿಯೆ ಮುಗಿದು ಹೊರಗೆ ತಂದಾಗ ನನಗಿಂತ ಮೊದಲು ಅತ್ತವರು ಅವರೇ.

ಗಂಟು ಹೋಯಿತು. ಅದರ ಜೊತೆ ಧ್ವನಿಯೂ ಹೋಯಿತು. ಉಳಿದದ್ದು ಕಿವಿಗೊಟ್ಟರಷ್ಟೇ ಕೇಳಿಸುವ ಪಿಸುಮಾತು. ಮೊದಲ ಸಲ ಸೆರಗು ಸುತ್ತದೆ ಕನ್ನಡಿಯ ಮುಂದೆ ನಿಂತು ಕೊರಳು ಮುಟ್ಟಿ ನೋಡಿಕೊಂಡರು. "ಈಗ ಬರಬೇಕಿತ್ತು ನೋಡು ಆ ಮುಧೋಳದಾಕಿ," ಎಂದು ಪಿಸುಗುಟ್ಟಿದರು.

ಮುಂದಿನ ಚಿಕಿತ್ಸೆ ಹುಬ್ಬಳ್ಳಿಯಲ್ಲಿ. ಅದು ಆಯೋಡಿನ್‌ನಿಂದಲೇ. ಕಿರಣ ಸೂಸುವ ಆಯೋಡಿನ್ನಿನ ಒಂದು ಗುಳಿಗೆ ನುಂಗಬೇಕು. ಮೈಯಲ್ಲಿ ಥೈರಾಯಿಡ್ಡಿನ ಚೂರು ಎಲ್ಲಿ ಅಡಗಿದ್ದರೂ ಅದು ಹೋಗಿ ಹಿಡಿದು ಸುಡುತ್ತದೆ ಎಂದು ಡಾಕ್ಟರು ವಿವರಿಸಿದಾಗ ಅಕ್ಕಾರು ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ ಕೇಳಿದರು. ಅದಕ್ಕೂ ಮೊದಲು ಕೆಲವು ವಾರ ಊಟದಲ್ಲಿ ಆಯೋಡಿನ್ ಇರಬಾರದು, ಮೈ ಅದಕ್ಕಾಗಿ ಹಸಿದಿರಬೇಕು. ಆ ವಾರಗಳಲ್ಲಿ ನಮ್ಮ ಅತ್ತೆ ತಮ್ಮ ತವರಿನ ಕಡೆಯಿಂದ ಆಯೋಡಿನ್ ಇಲ್ಲದ ಹಳೆಯ ಕಲ್ಲುಪ್ಪು ತರಿಸಿ, ಕುಟ್ಟಿ, ಜೋಳದ ರೊಟ್ಟಿ, ಪಲ್ಯ ಮಾಡಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಅಕ್ಕಾರು ತುತ್ತು ಬಾಯಿಗಿಟ್ಟು ಕಣ್ಣು ತುಂಬಿಕೊಂಡರು. "ನಮ್ಮವ್ವನ ಕೈಯಾಗಿನ ರುಚಿ ಐತಿ," ಎಂದರು.

ಆ ಹೊತ್ತಿಗೆ ಕೂಡಿಟ್ಟ ಹಣ ಶಸ್ತ್ರಕ್ರಿಯೆಗೆ ಕರಗಿತ್ತು. ಶೇರು ಮಾರಬೇಕಾಯಿತು. ಅಷ್ಟರಲ್ಲಿ ದರ ಚೇತರಿಸಿಕೊಂಡು ಕೊಂಡದ್ದಕ್ಕಿಂತ ಮೇಲೆಯೇ ಹೋಗಿತ್ತು. ಅವರು ಮೊಬೈಲು ನನ್ನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದರು. ಅರ್ಧ ಮಾರಿದೆವು. ಸಂತೋಷಪಡಲಿ ಎಂದು ನಾನೇ, "ಬೀಗರು ಕೈಬಿಡಲಿಲ್ಲ ನೋಡ್ರಿ ಅಕ್ಕಾರ," ಎಂದೆ.

"ಇಲ್ಲ, ಬಿಡಲಿಲ್ಲ," ಎಂದರು. ಮೊಬೈಲು ಇಸಿದುಕೊಂಡು ದಿಂಬಿನಡಿ ಇಟ್ಟು, "ಅಪ್ಪನ ಹೊಲ ಎರಡನೇ ಸಲ ಹೋತು ತಂಗಿ," ಎಂದು ಗೋಡೆಯ ಕಡೆ ಹೊರಳಿದರು.

ಹುಬ್ಬಳ್ಳಿಗೆ ಹೊರಡುವ ಮುಂಚೆ ನಾನು ಅವರಿಗೆ ಹೇಳದೆ ತಮ್ಮನಿಗೆ ಫೋನು ಮಾಡಿದೆ. ಆತ ಎಲ್ಲ ಕೇಳಿ, "ಹೂಂ," ಎಂದು ಇಟ್ಟುಬಿಟ್ಟ. ಬರುವುದಿಲ್ಲ ಎಂದುಕೊಂಡೆ.

ಗುಳಿಗೆಯನ್ನು ಸೀಸದ ದಪ್ಪ ಡಬ್ಬಿಯಲ್ಲಿ ತಂದರು. ತಂದವನು ಕೊಟ್ಟು ಕೂಡಲೇ ದೂರ ಸರಿದ. ಅಕ್ಕಾರು ಅದನ್ನು ನುಂಗಿ ಒಬ್ಬರೇ ಒಂದು ಕೋಣೆಯಲ್ಲಿ ಇರಬೇಕಾಯಿತು. ಕೆಲವು ದಿನ ಯಾರೂ ಹತ್ತಿರ ಹೋಗುವಂತಿಲ್ಲ, ಊಟವನ್ನೂ ಬಾಗಿಲಲ್ಲಿಟ್ಟು ಬರಬೇಕು. ನಾನು ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ಎರಡನೆಯ ದಿನ ಮುಂಜಾನೆ ಕೈಯಲ್ಲಿ ಚೀಲ ಹಿಡಿದುಕೊಂಡು ತಮ್ಮ ಬಂದು ಎದುರು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾವ ಖೋಲಿರಿ?"

ಮುಚ್ಚಿದ ಬಾಗಿಲು ತೋರಿಸಿ, ಫೋನು ಹಚ್ಚಿ ಕೊಟ್ಟೆ. ಪಿಸುಮಾತು ಕೇಳಲೆಂದು ಸ್ಪೀಕರ್ ಒತ್ತಿದ್ದೆ. ಆತ ಬಾಗಿಲಿಗೆ ಮುಖ ಮಾಡಿ ನಿಂತು ಮಾತಾಡಿದ.

"ಯಕ್ಕಾ. ನಾ ಬಂದೇನಿ."

ಆಚೆ ಮಂಚ ಕಿರುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. "ಎಲ್ಲಿದ್ದಿ?"

"ಬಾಗಲದಾಗ ನಿಂತೇನಿ."

"ಹಿಂದಕ್ಕ ಸರಿ. ನನ್ನ ಮೈಯಾಗಿಂದ ಕಿರಣ ಬರ್ತಾವ."

"ಬಂದ್ರ ಬರ್ಲಿ."

"ತಮ್ಮಾ, ಮಾತ ಕೇಳು. ಹಿಂದಕ್ಕ ಸರಿ."

ಆತ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಕೇಳಿದ: "ನಾ ಸಹಿ ಕೇಳಿದ್ದಕ್ಕ ಇನ್ನೂ ಸಿಟ್ಟ ಐತೇನು?"

"ಸಹಿ ಕೇಳಿದ್ದಕ್ಕಲ್ಲ. ಅಷ್ಟ ಬಿಸಲಾಗ ಬಂದು ಚಾ ಕುಡೀದ ಹೋದೆಲ್ಲ, ಅದಕ್ಕ."

ನಾನು ಎದ್ದು ಮೆಟ್ಟಿಲಿಳಿದು ಹೊರಗೆ ಬಂದೆ. ಅವರಿಬ್ಬರೂ ಇನ್ನೇನು ಮಾತಾಡಿದರೋ ನನಗೆ ಗೊತ್ತಿಲ್ಲ. ಆ ದಿನಗಳು ಮುಗಿಯುವವರೆಗೂ ಆತ ಬೆಂಚು ಬಿಟ್ಟು ಕದಲಲಿಲ್ಲ. ಅಕ್ಕನ ಪಗಾರದಲ್ಲಿ ಓದಿದ್ದು, ಅಂಗಡಿ ಹಾಕಿದ್ದು ಎಲ್ಲ ನನಗೆ ಹೇಳಿದ್ದು ಆ ಬೆಂಚಿನ ಮೇಲೆಯೇ.

ಗುಳಿಗೆ ಹಿಡಿಯಲಿಲ್ಲ. ಶ್ವಾಸಕೋಶದೊಳಗಿನ ಗಂಟುಗಳು ಆಯೋಡಿನ್ ಹೀರಲೇ ಇಲ್ಲ ಎಂದು ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು. ಅಕ್ಕಾರು ಅದರ ಕಾರಣವನ್ನು ಪೂರ್ತಿ ಕೇಳಿ ತಿಳಿದುಕೊಂಡರು. ಮನೆಗೆ ಬರುವಾಗ ಕಾರಿನಲ್ಲಿ ನನ್ನ ಕಿವಿಗೆ ಬಾಯಿಟ್ಟು, "ಅದರ ತಪ್ಪಲ್ಲ ತಂಗಿ. ತಡಾ ಆತು," ಎಂದರು. ಆಯೋಡಿನ್ನಿನ ಮೇಲೆ ನನಗೆ ಸಿಟ್ಟು ಬಂದಿದ್ದು ಅವರಿಗೆ ಹೇಗೆ ತಿಳಿಯಿತೋ.

ತಮ್ಮ ಅವರನ್ನು ಹೊಸ ಊರಿನ ತನ್ನ ಮನೆಗೆ ಕರೆದುಕೊಂಡು ಹೋದ. ಮುಂಗಾರು ಹಿಡಿದು ಕೃಷ್ಣೆ ಏರುತ್ತಿದ್ದ ಒಂದು ಮಧ್ಯಾಹ್ನ, ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಮಣ್ಣು ಕೊಡಲು ಜಮಖಂಡಿಯಿಂದ ಹುಡುಗರು ಎರಡು ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದಿದ್ದರು. ಆಟದ ಸರ್ ಹೆಗಲು ಕೊಟ್ಟರು. ತಮ್ಮ ಎಲ್ಲವನ್ನೂ ನಿಂತು ಮಾಡಿಸಿದ. ಬಂದವರಿಗೆ ನೀರು, ಊಟ ವಿಚಾರಿಸಿದ. ಅವನ ಕಣ್ಣಲ್ಲಿ ಒಂದು ಹನಿಯೂ ಕಾಣಲಿಲ್ಲ. ಗಟ್ಟಿ ಮನುಷ್ಯ ಎಂದರು ಕೆಲವರು. ಅಕ್ಕನ ಮೇಲಿನ ಮುನಿಸು ಇನ್ನೂ ಹೋಗಿಲ್ಲ ಎಂದರು ಕೆಲವರು.

ಉಳಿದರ್ಧ ಶೇರಿಗೆ ಅಕ್ಕಾರು ವಾರಸುದಾರ ಎಂದು ಬರೆಸಿದ್ದು ತಮ್ಮನ ಹೆಸರನ್ನೇ. ಹಾಗೆ ಬರೆಸಿದ್ದು ಕೊಂಡ ದಿನವೇ, ಅಂದರೆ ಮಾತು ನಿಂತಿದ್ದ ಕಾಲದಲ್ಲಿಯೇ. ಕಳೆದ ತಿಂಗಳು ಒಂದು ಭಾನುವಾರ ಆತ ಬನಹಟ್ಟಿಗೆ ನಮ್ಮ ಮನೆಗೆ ಬಂದ. ಶೇರು ಅವನ ಹೆಸರಿಗೆ ಆಗಿತ್ತು. ಮಾರುವುದೋ ಇಡುವುದೋ ಕೇಳಲು ಬಂದಿದ್ದ. ಓಣಿಯಲ್ಲಿ ಮಗ್ಗಗಳು ನಡೆದಿದ್ದವು, ಮಾತು ಕೇಳಿಸಲೆಂದು ಕಿಟಕಿ ಮುಚ್ಚಿದೆ. ಅತ್ತೆ ಚಹಾ ತಂದುಕೊಟ್ಟರು.

"ನನಗ ಈ ಕಂಪನಿ ತಿಳೀವಲ್ತರಿ ಅಕ್ಕಾರ. ನಮ್ಮಕ್ಕ ಇದರಾಗ ಏನ್ ಕಂಡಿದ್ಲು, ಅದನ್ನರ ಹೇಳ್ರಿ," ಎಂದ.

ನನಗೆ ತಿಳಿದಷ್ಟು ಹೇಳಿದೆ. ಆಮೇಲೆ ಮೊಬೈಲಿನಲ್ಲಿ ಕಂಪನಿಯ ಹೊಸ ವರದಿ ತೆರೆದು, ಕನ್ನಡ ಮಾಡುತ್ತ ಓದಿದೆ. ಲಾಭ ಬಂದಿದೆ. ಆಯೋಡಿನ್ನಿಗೆ ಬೇಡಿಕೆ ಇದೆ. ಆದರೆ ಬೇಕಾದಷ್ಟು ನೀರು ಎತ್ತುವ ಹಾಗಿಲ್ಲ, ಸರಕಾರದ ಮಿತಿ ಇದೆ. ಯಾಕೆಂದರೆ ಆಳದ ನೀರು ತೆಗೆದಷ್ಟೂ ಮೇಲಿನ ನೆಲ ಕೂದಲೆಳೆಯಷ್ಟು ಕುಸಿಯುತ್ತದೆ. ಹಾಗಾಗಿ ಪ್ರತಿ ವರ್ಷ ಆ ಊರುಗಳ ನೆಲ ಅಳೆಯುತ್ತಾರೆ. ಇದನ್ನು ಓದಿ ನಾನು ಮುಂದಿನ ಪುಟಕ್ಕೆ ಹೋಗಿದ್ದೆ.

"ತಡೀರಿ," ಎಂದ ಆತ. "ನೆಲಾ ಕುಸೀತೈತಿ ಅಂದ್ರೆಲ್ಲ, ಅದರ ಮ್ಯಾಲ ಮಂದಿ ಮನಿ ಅದಾವೇನ್ರಿ?"

"ಅದಾವ್ರಿ. ಮನಿ ಅದಾವ, ಭತ್ತದ ಗದ್ದಿ ಅದಾವ ಅಂತ ಐತಿ."

"ಅವರಿಗೆ ಪರಿಹಾರ ಕೊಡ್ತಾರೇನ್ರಿ?"

ನಾನು ವರದಿಯಲ್ಲಿ ಹುಡುಕ ಹತ್ತಿದೆ. ಮೇಲೆ ಹೋದೆ, ಕೆಳಗೆ ಬಂದೆ. ನನಗೆ ಸಿಗಲಿಲ್ಲ.

"ಗೊತ್ತಾಗವಲ್ತರಿ ನನಗ," ಎಂದೆ.

"ಆಕಿಗೆ ಗೊತ್ತಿತ್ತೇನೋ. ಕೇಳಿರತಾಳ ಆಕಿ. ಕೇಳೂದ ಬಿಟ್ಟಿರೂದಿಲ್ಲ," ಎಂದ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. "ಎಷ್ಟ ವರ್ಷ ಸುಮ್ಮ ಕಳದೇನ್ರಿ. ಒಂದ ಸಲ ಫೋನ್ ಹಚ್ಚಿ, 'ಯಕ್ಕಾ, ಏನದು ನಿನ್ನ ಕಂಪನಿ?' ಅಂತ ಕೇಳಿದ್ರ, ಎಲ್ಲಾ ಕುಂದ್ರಿಸಿ ಹೇಳ್ತಿದ್ಲು."

ಅಷ್ಟು ಹೇಳಿ ಬಟ್ಟಲನ್ನು ನೆಲದ ಮೇಲಿಟ್ಟ. ನಮ್ಮ ಅತ್ತೆಯ ಎದುರು, ನನ್ನ ಎದುರು, ಆ ದೊಡ್ಡ ಮನುಷ್ಯ ಮುಖ ಮುಚ್ಚಿಕೊಂಡು ದನಿ ತೆಗೆದು ಅತ್ತ.